ಗ್ಯಾಲರಿಯ ಒಲೆ

ಈ ಭಾನುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ, ಅಂದರೆ ನಮ್ಮ ಬಾಲ್ಕನಿಯಲ್ಲಿ, ಸ್ಟೂಲು ಹಾಕಿಕೊಂಡು ಹಂದಿಮಾಂಸ ಬೇಯಿಸುತ್ತ ಕೂತಿದ್ದೆ. ಗ್ಯಾಲರಿಯಲ್ಲಿ ಯಾಕೆ ಎಂದು ನೀವು ಕೇಳಬಹುದು. ಪುಣೆ ಬಳಿಯ ಚಿಂಚವಾಡದ ನಮ್ಮ ಮನೆಯಲ್ಲಿ ಎರಡು ಒಲೆಗಳಿವೆ. ಒಳಗಿನದು ಅತ್ತೆಯವರದು, ಅದರ ಮೇಲೆ ದೇವರ ನೈವೇದ್ಯವಾಗುತ್ತದೆ. ಬಟ್ಟೆ ಒಣಗಿಸುವ ಹಗ್ಗದ ಕೆಳಗಿರುವ ಕರೆಂಟಿನ ಒಲೆ ನನ್ನದು. ವರ್ಷಕ್ಕೆ ಎರಡೋ ಮೂರೋ ಸಲ ಹೊತ್ತುತ್ತದೆ, ತಿನ್ನುವವಳೂ ನಾನೊಬ್ಬಳೇ. ಧಾರವಾಡದ ವೈಷ್ಣವರ ಮನೆಯ ಸೊಸೆ ಇದನ್ನು ಎಲ್ಲಿ ಕಲಿತಳು ಎಂದು ನಮ್ಮ ಬಳಗದವರು ಪಿಸುಗುಟ್ಟುತ್ತಾರೆ. ನಿಮಗೆ ಪೂರ್ತಿ ಹೇಳಿಬಿಡುತ್ತೇನೆ.

ಬಾಣಲೆಯಲ್ಲಿ ಬೆಲ್ಲ ಕರಗಿ, ನೊರೆಯೆದ್ದು, ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದಾಗ ಒಂದು ವಾಸನೆ ಬರುತ್ತದೆ. ಅದು ಬಂದಾಗಲೆಲ್ಲ ನಾನು ಇಪ್ಪತ್ತು ವರ್ಷ ಚಿಕ್ಕವಳಾಗುತ್ತೇನೆ.

ಆಗ ನಾನು ಎರಡನೆಯ ಸಲ ಬಸುರಿ. ಮೊದಲನೆಯದು ನಾಲ್ಕನೇ ತಿಂಗಳಿಗೆ ಹೋಗಿತ್ತು. ಈ ಸಲ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅತ್ತೆ ದಿನಕ್ಕೊಂದು ಮಾಡಿಕೊಟ್ಟರು, ಗೊಜ್ಜವಲಕ್ಕಿ, ನಿಂಬೆಹಣ್ಣಿನ ಸಾರು, ಸಜ್ಜಕ. ಎಲ್ಲವೂ ಬಚ್ಚಲಿಗೇ ಹೋದವು. ನನ್ನ ತೂಕ ನೋಡಿ ಡಾಕ್ಟರು ಇನ್ನೊಮ್ಮೆ ತೂಗಿಸಿದರು. ತವರಿನಲ್ಲಿ ತಾಯಿ ಇರಲಿಲ್ಲ. ಗಂಡನಿಗೆ ಪಿಂಪ್ರಿಯ ಕಾರ್ಖಾನೆಯ ಪಾಳಿ. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಅತ್ತೆಯೊಬ್ಬರೇ, ಅವರನ್ನು ಕಂಡರೋ ನನಗೆ ಹೆದರಿಕೆ.

ಎದುರು ಮನೆಯಲ್ಲಿ ಮೇ ಆಂಟಿ ಇದ್ದರು. ಅವರ ಅಜ್ಜ ಚೀನಾದಿಂದ ಕಲ್ಕತ್ತೆಗೆ ಬಂದವರು, ಅಪ್ಪ ಕಲ್ಕತ್ತೆಯಿಂದ ಪುಣೆಗೆ. ಆಂಟಿ ಇಲ್ಲೇ ಹುಟ್ಟಿ, ಇಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಅವರ ಮರಾಠಿಯ ಮುಂದೆ ನನ್ನ ಮರಾಠಿ ನಾಚಿಕೊಳ್ಳಬೇಕು. ಸೋಮವಾರ ಪಾರ್ಲರಿಗೆ ರಜೆ. ಆ ದಿನ ಅವರ ಅಡುಗೆಮನೆಯಿಂದ ಈ ವಾಸನೆ ಹೊರಡುತ್ತಿತ್ತು, ಮತ್ತು ಅದು ಬಂದಷ್ಟು ಹೊತ್ತು ನನಗೆ ವಾಕರಿಕೆ ಇರುತ್ತಿರಲಿಲ್ಲ. ಯಾವುದೋ ಹೂರಣವಿರಬೇಕು ಅಂದುಕೊಂಡು ಒಂದು ದಿನ ಕೇಳಿಯೇಬಿಟ್ಟೆ.

“ಡುಕ್ಕರ್!” ಎಂದು ಆಂಟಿ ನಕ್ಕರು.

ಹಂದಿ! ಮನೆಗೆ ಓಡಿಬಂದು ಎರಡನೆಯ ಸಲ ಸ್ನಾನ ಮಾಡಿದೆ, ಬರೀ ವಾಸನೆ ತೆಗೆದುಕೊಂಡ ತಪ್ಪಿಗೆ. ಮುಂದಿನ ಸೋಮವಾರ ಮತ್ತೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಅಲ್ಲಿ ಅತ್ತೆಯ ಕೈಗೆ ಸಿಕ್ಕಿಬಿದ್ದೆ.

“ಇಲ್ಲೇನ್ ಮಾಡ್ಲಿಕ್ಕತ್ತೀ?”

“ಗಾಳಿಗೆ ಕೂತೇನ್ರಿ.”

ಅತ್ತೆ ಎದುರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. “ಬಯಕಿ ಏನು? ಇದ್ರ ಹೇಳಿಬಿಡು, ಮುಚ್ಚಿಡಬಾರದು.”

ನನಗೆ ಅಳು ಒತ್ತರಿಸಿ ಬಂತು. “ಅದು ಹಂದಿ ಅದರೀ, ಅತ್ತಿಯವ್ರ.”

ಅತ್ತೆ ಒಳಗೆ ಹೋಗಿ ದೇವರ ಮುಂದೆ ಕೂತರು. ಅರ್ಧ ತಾಸು ಕೂತೇ ಇದ್ದರು. ಪೆಟ್ಟಿಗೆ ಕಟ್ಟಿ ನನ್ನನ್ನು ಧಾರವಾಡದ ತವರಿಗೆ ಕಳಿಸುತ್ತಾರೆಂದೇ ನಾನು ತಿಳಿದಿದ್ದೆ. ಆಮೇಲೆ ಎದ್ದು ಬಂದು, ಸೆರಗು ಹೊದ್ದು, ಕೈಯಲ್ಲಿ ಸ್ಟೀಲಿನ ಬಟ್ಟಲು ಹಿಡಿದು ಎದುರು ಮನೆಯ ಬಾಗಿಲು ಬಡಿದರು.

“ಸೂನಬಾಯಿಲಾ ಡೋಹಾಳೆ ಲಾಗಲೇತ್,” ಎಂದರು. ಸೊಸೆಗೆ ಬಯಕೆಯಾಗಿದೆ ಎಂದಷ್ಟೇ.

ಮೇ ಆಂಟಿ ಬಟ್ಟಲು ತೆಗೆದುಕೊಳ್ಳಲಿಲ್ಲ. ಹುಡುಗಿ ಇಲ್ಲೇ ಕೂತು ಬಿಸಿಯಾಗಿ ತಿನ್ನಲಿ ಎಂದರು. ಅತ್ತೆ ನನ್ನ ಕಡೆ ತಿರುಗಿದರು: “ಹೋಗು, ಊಟ ಮಾಡು. ನಾ ಇಲ್ಲೇ ಬಾಗಲದಾಗ ಕೂಡತೀನಿ.”

ಹೊಸ್ತಿಲಾಚೆ, ನನಗೆ ಬೆನ್ನು ಮಾಡಿ ಕೂತರು. ಮೇಲಿನ ಮನೆಯಾಕೆ ಜೋಶಿ ಕಾಕು ಇಳಿದು ಬರುತ್ತ ಇಲ್ಲೇಕೆ ಕೂತಿದ್ದೀರಿ ಎಂದಾಗ, ಜನ್ಮದಲ್ಲಿ ಸುಳ್ಳಾಡದ ನಮ್ಮತ್ತೆ, ಸೊಸೆ ಕೂದಲು ಕತ್ತರಿಸಿಕೊಳ್ಳಲು ಬಂದಿದ್ದಾಳೆ ಎಂದರು. ಒಳಗೆ ನನ್ನ ಅನ್ನದ ಮೇಲೆ ಮೂರು ತುಂಡುಗಳಿದ್ದವು, ಎಣ್ಣೆಗೆಂಪು, ಮುಟ್ಟಿದರೆ ನಡುಗುವಷ್ಟು ಮೆತ್ತಗೆ. ಮೊದಲು ಸಿಹಿ, ಅದರ ಹಿಂದೆ ಉಪ್ಪು, ಕೊನೆಗೆ ಶುಂಠಿಯ ಸಣ್ಣ ಕಾವು. ಅಗಿಯುವ ಕೆಲಸವೇ ಇರಲಿಲ್ಲ. ಉಂಡು ಮುಗಿಸಿ, ಅಭ್ಯಾಸದಂತೆ ಬಚ್ಚಲು ಎಲ್ಲಿದೆ ಎಂದು ನೋಡಿಕೊಂಡು ಕಾಯುತ್ತ ಕೂತೆ.

ಬಹಳ ಹೊತ್ತಾದ ಮೇಲೆ ಹೊಸ್ತಿಲಾಚೆಯಿಂದ ದನಿ ಬಂತು. “ನಿಂತದೇನು?”

“ನಿಂತದರೀ.”

ಅತ್ತೆಯ ಬೆನ್ನು ಅಲುಗಾಡುತ್ತಿತ್ತು. ಅಳುತ್ತಿದ್ದರೋ ಏನೋ, ತಿರುಗಲಿಲ್ಲ.

ಏಳು ತಿಂಗಳು ತುಂಬುವವರೆಗೆ ಪ್ರತಿ ಸೋಮವಾರ ಹೀಗೇ ನಡೆಯಿತು. ಒಲೆಯ ಪಕ್ಕ ನಿಂತು ನಾನೂ ಕಲಿತೆ. ತೊಗಲು ಸಮೇತದ ತುಂಡುಗಳನ್ನು ಒಮ್ಮೆ ಕುದಿಸಿ ತೊಳೆಯಬೇಕು. ಆಂಟಿ ಸಕ್ಕರೆಯ ಬದಲು ಕೊಲ್ಹಾಪುರದ ಬೆಲ್ಲ ಹಾಕುತ್ತಿದ್ದರು. ಅದು ಕಹಿಯಾಗುವ ಮುನ್ನ ಮಾಂಸ ಹಾಕಿ ಹೊರಳಿಸಿ, ಸೋಯಾ ಸಾಸು, ಶುಂಠಿ, ಚಕ್ರಮೊಗ್ಗು, ಮುಳುಗುವಷ್ಟು ಬಿಸಿನೀರು. ಆಮೇಲೆ ಸಣ್ಣ ಉರಿಯಲ್ಲಿ ಎರಡು ತಾಸು ಸುಮ್ಮನಿರಬೇಕು. ನನಗೆ ಬಹಳ ಕಷ್ಟವಾದದ್ದು ಆ ಕೊನೆಯ ಭಾಗ. ದಿನ ತುಂಬಿ ಮಗಳು ಹುಟ್ಟಿದಳು. ಈಗ ಕಾಲೇಜು ಮುಗಿಸುತ್ತಿದ್ದಾಳೆ. ಮೊಟ್ಟೆಯ ವಾಸನೆಯೂ ಅವಳಿಗಾಗದು! ಮೇ ಆಂಟಿ ಎರಡು ವರ್ಷದ ಹಿಂದೆ ಮನೆ ಖಾಲಿಮಾಡಿ ಮಗನ ಬಳಿ ಗೋವಾಕ್ಕೆ ಹೋದರು. ಅವತ್ತು ಸಂಜೆ ಅತ್ತೆಯೇ ಹೇಳಿದ್ದು: “ಗ್ಯಾಲರ್ಯಾಗ ಒಂದು ಒಲಿ ಇಟ್ಕೋ. ಒಳಗ ಮಾತ್ರ ಬ್ಯಾಡ.”

ಈ ಭಾನುವಾರ, ನಾನು ಪಾತ್ರೆಯ ಮುಚ್ಚಳ ಮುಚ್ಚುವಾಗ ಅತ್ತೆ ವಾಕರ್ ಊರಿಕೊಂಡು ಗ್ಯಾಲರಿಯ ಬಾಗಿಲಿಗೆ ಬಂದು ಕುರ್ಚಿಯಲ್ಲಿ ಕೂತರು. ಇಷ್ಟು ವರ್ಷ ಕೇಳದಿದ್ದದ್ದನ್ನು ಯಾಕೋ ಕೇಳಿದೆ. “ಅವತ್ತು ನಿಮಗ ಹ್ಯಾಂಗ ಮನಸು ಬಂತ್ರಿ?”

ಅತ್ತೆ ವಾಕರನ್ನು ಪಕ್ಕಕ್ಕೆ ಸರಿಸಿದರು.

“ನಾ ಮದಲ್ನೇ ಸಲ ಬಸರಿದ್ದಾಗ ಹಿತ್ತಲ ಆಚೀ ಮನ್ಯಾಗ ಬಳ್ಳೊಳ್ಳಿ ಖಾರ ಕುಟ್ಟತಿದ್ರು. ಬಿಸಿ ರೊಟ್ಟಿ ಜೋಡಿ ಅದು ಬೇಕು ಅನಸ್ತಿತ್ತು. ನಮ್ಮ ಮನ್ಯಾಗ ಬಳ್ಳೊಳ್ಳಿ ಹೆಸರೂ ತಗೋತಿದ್ದಿಲ್ಲ. ನಾ ಹೇಳಲಿಲ್ಲ. ಯಾರೂ ಕೇಳಲಿಲ್ಲ.”

“ಆಮ್ಯಾಲೆ?”

“ಆ ಕೂಸು ಉಳೀಲಿಲ್ಲ. ಖಾರ ತಿಂದಿದ್ರ ಉಳೀತಿತ್ತು ಅಂತಲ್ಲ. ಆದ್ರ ಮನಸಿನ್ಯಾಗ ಕೂತುಬಿಟ್ಟದ.”

ನನ್ನ ಗಂಡನಿಗಿಂತ ಮೊದಲೊಂದು ಕೂಸಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಗಂಡನಿಗೂ ಗೊತ್ತಿರಲಿಕ್ಕಿಲ್ಲ.

“ನಾ ಮಾಡಿಕೊಡ್ಲೇನ್ರಿ, ಬಳ್ಳೊಳ್ಳಿ ಖಾರ?”

“ಹುಚ್ಚಿ. ಈ ವಯಸ್ಸಿನ್ಯಾಗ!”

ನಾನು ಒಲೆಯ ಕಾವು ಕಡಿಮೆ ಮಾಡಿದೆ. ಅತ್ತೆ ಎದ್ದು ಹೋಗಲಿಲ್ಲ. ಸೀರೆಯ ನಿರಿಗೆ ಸರಿಮಾಡಿಕೊಂಡರು. ಕೆಳಗಿನ ರಸ್ತೆಯಲ್ಲಿ ಕಾಯಿಪಲ್ಯದವನು ಕೂಗಿಕೊಂಡು ಹೋದ. ಅವನ ದನಿ ದೂರವಾದ ಮೇಲೆ ಮೆಲ್ಲಗೆ ಅಂದರು:

“ಹೊಸಾ ಕುಟ್ಟಾಣಿ ತರಬೇಕಾಗ್ತದ ನೋಡು.”

ಒಲೆಯ ಮೇಲೆ ಕಣ್ಣಿಡಲು ಗಂಡನನ್ನು ಕೂಗಿ, ಚಪ್ಪಲಿ ಮೆಟ್ಟಿಕೊಂಡು ನಾನು ಪೇಟೆಗೆ ಹೊರಟೆ.