‘ಬರ್ತೀನ್ರಿ’ ಅಂದ ಖಳನಾಯಕ

ಜೋಳದ ಹಿಟ್ಟು ಸಾಣಿಸುತ್ತಿದ್ದೆ. ನಾಲ್ಕನೆಯ ತರಗತಿಯಲ್ಲಿದ್ದ ಮಗಳು ಓಡಿ ಬಂದಳು.

“ಅವ್ವಾ, ಲಗೂನ ಬಾ! ಅಜ್ಜಿ ನನ್ನ ಪುಸ್ತಕ ಬಚ್ಚಲ ಒಲಿಗೆ ಹಾಕಾಕತ್ತಾಳ!”

ಪುಸ್ತಕ ಅವಳದೇನಲ್ಲ. ಮಿರಜದಲ್ಲಿ ಗಲ್ಲಿಗೊಂದು ಎಸ್‌ಟಿಡಿ ಬೂತು, ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ವೈರು ಬಂದ ಕಾಲ ಅದು. ನಮ್ಮ ಗಲ್ಲಿಯ ಬೂತಿನವರು ಮಕ್ಕಳ ಮರಾಠಿ ಚಿತ್ರಕಥೆಗಳನ್ನೂ ಬಾಡಿಗೆಗೆ ಕೊಡುತ್ತಿದ್ದರು. ಒಂದು ಹಾಳು ಮಾಡಿದ ಮಗುವಿಗೆ ಮತ್ತೊಂದು ಸಿಗುತ್ತಿರಲಿಲ್ಲ. ನನ್ನ ಮಗಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯೇ ಇಲ್ಲ.

ಹಿಟ್ಟಿನ ಕೈಯಲ್ಲೇ ಹೋದೆ. ಇರುವೆ ಕಂಡರೆ ದಾಟಿ ನಡೆಯುವ ನಮ್ಮ ಅತ್ತೆ, ಉರಿಯುವ ಒಲೆಯ ಮುಂದೆ ಪುಸ್ತಕ ತೆರೆದು ಹಿಡಿದು ನಿಂತಿದ್ದರು.

“ಕರ್ಮಕ್ಕ ಬಿಟ್ಟರ ಯಾರಿಗೂ ಅಂಜಬಾರದು ಅಂತೀರಲ್ಲರಿ, ಅತ್ತಿ?”

“ನಾ ಎಲ್ಲಿ ಅಂಜೇನವಾ? ಹುಡುಗಿ ಅಂಜೀತು ಅಂತ.” ಹಾಗೆಂದು ಪುಸ್ತಕದಿಂದ ಮುಖ ತಿರುಗಿಸಿದರು.

ತೆರೆದ ಪುಟದಲ್ಲಿದ್ದ ಖಳನಾಯಕ ಊರ ಮಕ್ಕಳಿಗೆಲ್ಲ ಗೊತ್ತಿದ್ದವನೇ. ಹಳೆಯ ಪುಸ್ತಕಗಳಲ್ಲಿ ಅವನಿಗೆ ಕೆಂಪು ಕಣ್ಣು, ಕೋರೆಹಲ್ಲು, ಡೊಳ್ಳು ಹೊಟ್ಟೆ. ಆಗೆಲ್ಲ ಅತ್ತೆ ಚವಳಿಕಾಯಿ ಸೋಸುತ್ತ, “ಥೇಟ್ ನಮ್ಮ ಸಾಂಗ್ಲಿ ಬೀಗರ ಗತೆ ಅದಾನ” ಎಂದು ನಗುತ್ತಿದ್ದರು. ಈ ಪುಸ್ತಕದ ಚಿತ್ರಗಾರ ಬೇರೆ. ಹಲ್ಲಿರಲಿ, ಬಾಯಿಯನ್ನೇ ಬರೆದಿರಲಿಲ್ಲ. ಅರ್ಧ ಮುಖಕ್ಕೆ ಮಸಿ, ಕಣ್ಣಿರಬೇಕಾದಲ್ಲಿ ಖಾಲಿ ಕಾಗದ. ಉಳಿದ ಚಿತ್ರಗಳಿಗೆಲ್ಲ ಚೌಕಟ್ಟು ಹಾಕಿ ಇವನೊಬ್ಬನಿಗೆ ಬಿಟ್ಟಿದ್ದ. ದಿನಾ ರಂಗೋಲಿಗೆ ಅಂಚು ಎಳೆಯುವ ನನಗೆ ಅದು ಕೂಡಲೇ ಕಂಡಿತು. ತಡೆಯಲು ಗೆರೆಯಿಲ್ಲದೆ ಅವನು ಪುಟದ ತುದಿಯವರೆಗೂ ಬಂದುಬಿಟ್ಟಿದ್ದ. ಅತ್ತೆಯ ಹೆಬ್ಬೆರಳು ಅವನ ಹೆಗಲ ಮೇಲೇ ಇತ್ತು. ಯಾರಿಗಾದರೂ ಮೈ ಜುಮ್ಮೆನ್ನದೆ?

ಅತ್ತೆಯ ತವರು ಅಥಣಿ ಕಡೆ. ಮರಾಠಿ ಓದಲು ಬಾರದು.

“ಏನಂತಾನ ಇಂವಾ?” ಎಂದು ಮೊಮ್ಮಗಳನ್ನೇ ಕೇಳಿದರು.

ಚಿತ್ರದ ಪಕ್ಕದಲ್ಲಿ ‘ಯೇತೋಯ್ ಮೀ’ ಎಂದಿತ್ತು. ಬರುತ್ತಿದ್ದೇನೆ, ನಿನ್ನನ್ನು ಬಿಡುವುದಿಲ್ಲ ಎನ್ನುವ ಬೆದರಿಕೆ. ಮಗಳ ಕನ್ನಡ ಅರ್ಧಂಬರ್ಧ. ಹಿರಿಯರ ಮುಂದೆ ‘ರಿ’ ಹಚ್ಚಿ ಮಾತಾಡಬೇಕೆಂದು ನಾನೇ ಕಲಿಸಿದ್ದೆ. ಅವಳು ಕಣ್ಣೊರೆಸಿಕೊಂಡು, ಕೈಕಟ್ಟಿ ನಿಂತು ಹೇಳಿದಳು:

“ಬರ್ತೀನ್ರಿ.”

ನಮ್ಮಲ್ಲಿ ಬಂದ ನೆಂಟರು ಚಪ್ಪಲಿ ಮೆಟ್ಟಿ ಹೊರಡುವಾಗ ಹೇಳುವ ಮಾತು! ಅತ್ತೆ ಚಿತ್ರವನ್ನು ಮತ್ತೊಮ್ಮೆ ನೋಡಿದರು.

“ಹೊಂಟಾನೇನ? ಅಯ್ಯ, ಇಷ್ಟು ನಯದಿಂದ ಹೇಳಿ ಹೋಗಾಂವನ್ನ ಒಲಿಗೆ ಹಾಕೂದೇನ? ಚಾ ಕುಡದ ಹೋಗಂತ ಹೇಳ!”

ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೂ ಮಗಳ ಮಾತನ್ನು ತಿದ್ದಲು ಹೋಗಲಿಲ್ಲ. ಮಗಳಿಗೆ ಕನ್ನಡ ನೆಟ್ಟಗೆ ಬರುವುದಿಲ್ಲವೆಂದು ದಿನವೂ ಕೊರಗುತ್ತಿದ್ದವಳು, ಅವತ್ತು ಹಿಟ್ಟಿನ ಕೈಯನ್ನೇ ಬಸದಿಯ ದಿಕ್ಕಿಗೆ ಮುಗಿದೆ.

ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಕಟ್ಟೆಯ ಮೇಲೆ ಕುಳಿತರು. ಹೆಬ್ಬೆರಳನ್ನು ಮಾತ್ರ ಅವನ ಹೆಗಲಿನಿಂದ ಸರಿಸಿ, ಕೆಳಗಿನ ಮೂಲೆಯಲ್ಲಿಟ್ಟಿದ್ದರು.

“ಹಾಳಿ ತಿರುವು. ಖರೇನ ಹೋದ್ನೋ ಇಲ್ಲೋ ನೋಡೂಣು.”

ನಾನು ಒಳಗೆ ಹೋಗಿ ರೊಟ್ಟಿಗೆ ಎಸರು ಇಟ್ಟೆ.