ಕೈ ಮುರಿದವನಿಗೆ ಜಾಮೀನು

“ಈ ಕೈ ಮುರದಾವ ಅವನ ರೀ.”

ಹೊಸಪೇಟೆ ಕೋರ್ಟಿನಲ್ಲಿ ಜಾಮೀನು ಪತ್ರ ತುಂಬುತ್ತಾ, ಆರೋಪಿ ನಿಮಗೇನಾಗಬೇಕು ಎಂದು ನಾನು ಕೇಳಿದ್ದಕ್ಕೆ ಕಂಪ್ಲಿ ಕಡೆಯ ರೈತರೊಬ್ಬರು ಕೊಟ್ಟ ಉತ್ತರವಿದು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಎಡಗೈಯಲ್ಲಿ ತಮ್ಮ ಹೊಲದ ಪಹಣಿ ಹಿಡಿದಿದ್ದರು. ವಕೀಲರ ಗುಮಾಸ್ತನಾದ ನಾನು, ಪೆಟ್ಟು ತಿಂದವರೇ ಹೊಡೆದವನಿಗೆ ಶ್ಯೂರಿಟಿ ನಿಲ್ಲುವುದನ್ನು ಅದುವರೆಗೆ ಕಂಡಿರಲಿಲ್ಲ.

ಕಾಲುವೆ ನೀರಿನ ಪಾಳಿಗಾಗಿ ಆದ ಜಗಳವದು. ಆರೋಪಿಗೆ ಜಾಮೀನು ಮಂಜೂರಾಗಿ ವಾರ ಕಳೆದಿತ್ತು. ಪಹಣಿ ತಂದು ಶ್ಯೂರಿಟಿ ನಿಲ್ಲುವವರು ಯಾರೂ ಇಲ್ಲದೆ ಅವನಿನ್ನೂ ಜೈಲಿನಲ್ಲೇ ಇದ್ದ. ರಾಜಿಯಾಯಿತೇ ಎಂದು ವಿಚಾರಿಸಿದೆ.

“ರಾಜಿ ಎಲ್ಲೀದ್ರಿ? ಅವನ ವಿರುದ್ಧ ಸಾಕ್ಷಿ ಹೇಳಾಕ ಬಂದ ಬರ್ತೀನಿ. ಆದ್ರ ಕೋರ್ಟು ಬಿಡ್ರಿ ಅಂದಮ್ಯಾಲೂ ಅವ ಒಳಗ ಇರಾದು ನ್ಯಾಯ ಅಲ್ರಿ.”

ನ್ಯಾಯಾಧೀಶರು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡು ಒಪ್ಪಿದರು. ಸಹಿ ಬರುವ ಆ ಮನುಷ್ಯ, ಬಲಗೈ ಆಡದ ಕಾರಣ ಎಡಗೈ ಹೆಬ್ಬೆಟ್ಟು ಒತ್ತಿದರು.

‘ಆರೋಪಿಯೊಂದಿಗಿನ ಸಂಬಂಧ’ ಎಂಬಲ್ಲಿ ನಾನು ಯಾವಾಗಲೂ ಯೋಚಿಸದೆ ‘ಪರಿಚಯಸ್ಥರು’ ಎಂದು ಬರೆಯುತ್ತಿದ್ದೆ. ಅಂದು ಏನು ಬರೆಯಲಿ ಎಂದು ಅವರನ್ನೇ ಕೇಳಿದೆ. ಅವರು ಹೇಳಿದಂತೆ ಬರೆದೆ: ‘ಪಕ್ಕದ ಹೊಲದವರು.’