ಎರಡು ಕಂತಿನ ರಂಗಪ್ಪ ಮಾವ

ನಮ್ಮ ಸೋದರಮಾವ ರಂಗಪ್ಪ ಮೂತ್ರ ಮಾಡುತ್ತಿದ್ದುದು ಎರಡು ಕಂತಿನಲ್ಲಿ. ಮೊದಲ ಕಂತು ಎಲ್ಲರ ಹಾಗೆ. ಆಮೇಲೆ ಪಂಚೆಯೊಳಗೆ ಕೈ ಹಾಕಿ, ತೊಡೆಸಂದಿಯಲ್ಲಿ ಇಳಿಬಿದ್ದಿದ್ದ ಗಡ್ಡೆಯನ್ನು ಅದುಮಿ ಹಿಡಿದರೆ ಎರಡನೆಯದು. ಮದುವೆ ಛತ್ರದಲ್ಲಿ ಹಿಂದೆ ಜನ ಕಾಯುತ್ತಿದ್ದರೂ ಅವನಿಗೆ ಅವಸರವಿಲ್ಲ. ಈಚೆಗೆ ಬಂದವನು ಗಂಭೀರವಾಗಿ ಕೆಮ್ಮಿ, ಶಲ್ಯವನ್ನು ಸೊಂಟದ ಮುಂದಕ್ಕೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದ. ಹಳೇಕೋಟೆಯಲ್ಲಿ ಆ ಗಡ್ಡೆಯ ವಿಷಯ ತಿಳಿಯದವರಿರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವನು ಅವನೊಬ್ಬನೇ.

ಇಂಥವನು ಊರಿಗೆಲ್ಲ ಬುದ್ಧಿ ಹೇಳುವವನು. ಯಾರಿಗೆ ಆಪರೇಷನ್ ಎಂದರೂ ಅಲ್ಲಿ ಹಾಜರ್. "ಡಾಕ್ಟ್ರತ್ರ ನಾಚ್ಕೆ ಏನ್ಲಾ? ಎಲ್ಲಾ ಬಿಚ್ಚಿ ಯೋಳ್ಬೇಕು ಕಣ!" ಎನ್ನುತ್ತಿದ್ದ.

ತನ್ನ ಸರದಿ ಬಂದಾಗ ಹೆಂಡತಿಯನ್ನು ಮುಂದಕ್ಕೆ ನೂಕಿದ. ಸಾಕಮ್ಮತ್ತೆಯನ್ನು ಹಾಸನದ ಯಾವುದೋ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ತನ್ನ ಬಾಧೆಯನ್ನೆಲ್ಲ ಅವಳದೆಂದು ಅವಳ ಬಾಯಲ್ಲೇ ಹೇಳಿಸಿದ. ಡಾಕ್ಟರು ಅವಳನ್ನು ಮಲಗಿಸಿ, ಹೊಟ್ಟೆಯೆಲ್ಲ ಒತ್ತಿ ನೋಡಿ, ಸ್ಕ್ಯಾನನ್ನೂ ಮಾಡಿಸಿ, "ನಿಮಗೇನೂ ಇಲ್ಲವಲ್ಲಮ್ಮ" ಎಂದರಂತೆ. ಮಾವ ನಿರಾಳವಾಗಿಬಿಟ್ಟ. "ಏನೂ ಇಲ್ವಂತೆ ಕಣ್ಲಾ, ಸ್ಕ್ಯಾನಲ್ಲೇ ಗೊತ್ತಾಯ್ತು" ಎಂದು ನನಗೇ ಹೇಳಿದ. ಯಾರ ಸ್ಕ್ಯಾನು ಎಂಬುದನ್ನು ಅತ್ತೆ ಆಮೇಲೆ ತಿಳಿಸಿದಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಗಡ್ಡೆ ನೋವೆದ್ದು, ಎಷ್ಟು ಒತ್ತಿದರೂ ಒಳಗೆ ಹೋಗದೆ ಕೂತಾಗ ನಾನೇ ಕಾರು ಮಾಡಿ ಆಸ್ಪತ್ರೆಗೆ ಸೇರಿಸಿದೆ. ಸರ್ಜನ್ ಮುಟ್ಟಿ ನೋಡಿ, "ಹರ್ನಿಯಾ. ಇವತ್ತೇ ಆಪರೇಷನ್ ಮಾಡೋಣ. ಮೂತ್ರಕ್ಕೇನಾದರೂ ತೊಂದರೆ ಇದೆಯಾ?" ಎಂದರು.

"ಏನೂ ಇಲ್ಲ, ನಲ್ಲಿ ಬಿಟ್ಟಂಗೆ ಬತ್ತದೆ ಸಾ" ಎಂದ ಮಾವ.

"ಸುಳ್ಳು ಸಾ!" ಅತ್ತೆಯ ದನಿ ವಾರ್ಡಿಗೆಲ್ಲ ಕೇಳಿಸಿತು. "ಆ ಗಡ್ಡೆ ಅದುಮ್ದೆ ಇವ್ರು ಒಂದ್ಸಲಾನೂ ಪೂರಾ ಉಚ್ಚೆ ಉಯ್ದಿಲ್ಲ."

ಪಕ್ಕದ ಮಂಚದವನು ಕಿಸಕ್ಕೆಂದ. ಸರ್ಜನ್ ನಗಲಿಲ್ಲ. ಈ ಸಲ ಮಾವನಿಗೇ ಸ್ಕ್ಯಾನ್ ಆಯಿತು. ಹರ್ನಿಯಾದಲ್ಲಿ ಸಾಮಾನ್ಯವಾಗಿ ಇಳಿಯುವುದು ಕರುಳು, ಇವನಿಗೆ ಮೂತ್ರಕೋಶವೇ ಇಳಿದು ಕೂತಿತ್ತು. ಬಲು ಅಪರೂಪವಂತೆ. ಗೊತ್ತಿಲ್ಲದೆ ಕತ್ತರಿ ಆಡಿಸಿದ್ದರೆ ಮೂತ್ರಕೋಶವನ್ನೇ ಕೊಯ್ದುಬಿಡುವ ಅಪಾಯವಿತ್ತು. "ಈಯಮ್ಮ ಬಾಯಿ ಬಿಟ್ಟಿದ್ದು ಒಳ್ಳೆಯದಾಯಿತು" ಎಂದರು ಸರ್ಜನ್.

ಮಾವ ನೆಟ್ಟಗಾಗಿ ಮನೆಗೆ ಬಂದ. ಬಂದವನು ಹೆಂಡತಿಯ ಜೊತೆ ಮಾತು ಬಿಟ್ಟ. "ಜನದ್ ಮುಂದೆ ನನ್ ಮಾನ ಕಳದ್ಬುಟ್ಲು ಕಣ್ಲಾ" ಎಂದು ನೋಡಲು ಬಂದವರಿಗೆಲ್ಲ ಹೇಳಿ, ಮಾನ ಹೋದ ಬಗೆಯನ್ನು ತಾನೇ ಊರಿಗೆ ಸಾರಿದ. ಕಾಫಿ ಬೇಕಾದರೆ ಲೋಟ ಕುಟ್ಟುತ್ತಿದ್ದ. ಹೊಲಿಗೆ ಬಿಚ್ಚುವವರೆಗೆ ಅತ್ತೆ ಗಂಜಿ ಕಾಯಿಸಿ ಕೊಟ್ಟಳು. ಗಾಯ ಮಾಗಿದ ಮೇಲೆ ಬಟ್ಟೆಯ ಚೀಲ ಹಿಡಿದು ಅರಕಲಗೂಡಿನ ತಂಗಿಯ ಮನೆಗೆ ಹೊರಟುಹೋದಳು. ಈಗ ಅಲ್ಲೇ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ನಾನು ಹೋದಾಗಲೆಲ್ಲ ನಗುನಗುತ್ತಾ ಮಾತಾಡಿಸುತ್ತಾಳೆ.

ಮೊನ್ನೆ ಹಳೇಕೋಟೆಗೆ ಹೋದಾಗ ಮಾವ ಜಗಲಿಯ ಮೇಲೆ ಕೂತು ಹೋಟೆಲಿನ ಇಡ್ಲಿ ತಿನ್ನುತ್ತಿದ್ದ. ಪಂಚೆ ಮಾಸಿತ್ತು. ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

"ಅವ್ಳು ಯಾವಾಗ ಬತ್ತಾಳಂತ್ಲಾ?" ಎಂದ.

"ನೀನೇ ಫೋನ್ ಮಾಡಿ ಕೇಳು ಮಾವ."

"ಅದೆಂಗ್ಲಾ ಕೇಳಾದು?" ಮಾವ ನನ್ನನ್ನು ದಡ್ಡನೆಂಬಂತೆ ನೋಡಿದ. "ನಾನು ಮಾತು ಬಿಟ್ಟಿವ್ನಲ್ಲಾ!"